ಕಾದ ಕಬ್ಬಿಣಕ್ಕೆ ಬಣ್ಣ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರು ಕಾರಿನ ಎಂಜಿನಿಗೆ ಬಣ್ಣ ಬಳಿಯುವ ವಿಚಾರವೇ ಎಂದು ಸಹಪಾಠಿಗಳು ಹುಬ್ಬೇರಿಸಬಹುದು. ನಾನು ಇತಿಹಾಸದ ವಿದ್ಯಾರ್ಥಿ. ರಸಾಯನಶಾಸ್ತ್ರಕ್ಕೆ ಹತ್ತನೆಯ ತರಗತಿಯಲ್ಲಿಯೇ ಕೈಮುಗಿದು ಬಂದವನು. ಆದರೆ ಹೋದ ವರ್ಷ ನನ್ನ ಕೈಯಿಂದ ಒಂದು ತಪ್ಪು ನಡೆದುಹೋಯಿತು. ಅದರ ಕಾರಣವನ್ನು ತಿಳಿಯಲು ಹೊರಟವನಿಗೆ ಗ್ರಂಥಾಲಯವೂ ಬೇಕಾಯಿತು, ಅಜ್ಜಿಯ ಅಡಿಗೆಮನೆಯೂ ಬೇಕಾಯಿತು. ಹೀಗೆ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತಿದ್ದೇನೆ.

ನಮ್ಮ ಮನೆಯಿರುವುದು ಲಗ್ಗೆರೆಯಲ್ಲಿ. ಗೊರಗುಂಟೆಪಾಳ್ಯದಿಂದ ಸುಮನಹಳ್ಳಿಯ ಕಡೆಗೆ ಹೊರವರ್ತುಲ ರಸ್ತೆಯಲ್ಲಿ ಹೋಗುವವರಿಗೆ ಲಗ್ಗೆರೆಯೆಂದರೆ ಒಂದು ಸೇತುವೆ, ಅಷ್ಟೆ. ಒಳಗಿನ ಓಣಿಗಳಿಗೆ ಇಳಿದವರು ಮಾತ್ರ ಅದರ ನಿಜವಾದ ಸದ್ದನ್ನು ಕೇಳಬಲ್ಲರು. 1970ರ ದಶಕದಲ್ಲಿ ಪಕ್ಕದ ಪೀಣ್ಯದಲ್ಲಿ ಕೈಗಾರಿಕಾ ಪ್ರದೇಶ ತಲೆಯೆತ್ತಿದ ಮೇಲೆ ಅದರ ನೆರಳಿನಲ್ಲಿ ಬೆಳೆದ ಊರು ಇದು. ಕೆಳಗೆ ಲೇತು ತಿರುಗುತ್ತಿದ್ದರೆ ಮೇಲಿನ ಅಂತಸ್ತಿನಲ್ಲಿ ಸಾರಿಗೆ ಒಗ್ಗರಣೆ ಬೀಳುತ್ತಿರುತ್ತದೆ. ನನ್ನ ಸೋದರಮಾವನ ಗ್ಯಾರೇಜು ಅಂತಹ ಒಂದು ಓಣಿಯಲ್ಲಿದೆ. ರಜಾದಿನಗಳಲ್ಲಿ ನಾನು ಅಲ್ಲಿಗೆ ಸ್ಪ್ಯಾನರು ಎತ್ತಿಕೊಡಲು ಹೋಗುತ್ತೇನೆ.

ಆ ಗ್ಯಾರೇಜಿಗೆ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಅಂಬಾಸಿಡರ್ ಕಾರನ್ನು ತರುವುದುಂಟು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತುಹೋಯಿತು. ಮೇಷ್ಟ್ರ ಗಾಡಿಯಾದರೋ ಅದಕ್ಕೂ ಬಹಳ ಹಿಂದಿನದು, 1489 ಸಿ.ಸಿ.ಯ ಹಳೆಯ ಪೆಟ್ರೋಲ್ ಎಂಜಿನಿನದು. ಉರಿದ ಅನಿಲ ಎಂಜಿನಿನಿಂದ ಹೊರಬೀಳುವ ಬೀಡುಕಬ್ಬಿಣದ ಕವಲುಗೊಳವೆಗೆ ಮ್ಯಾನಿಫೋಲ್ಡ್ ಎಂದು ಹೆಸರು. ಅದರ ಮುಂದಿನ ಕೊಳವೆಯೇ ಎಲ್ಲರೂ ಬಲ್ಲ ಸೈಲೆನ್ಸರ್. ಮೇಷ್ಟ್ರ ಗಾಡಿಯ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಬದಲಾಯಿಸಿ ಮಾವ ಮದುವೆಗೆಂದು ತುಮಕೂರಿಗೆ ಹೋಗಿದ್ದರು. ತುಕ್ಕು ಹಿಡಿದು ಕೆಂಪಾಗಿದ್ದ ಆ ಕಬ್ಬಿಣವನ್ನು ನೋಡಿ ಮೇಷ್ಟ್ರು, "ಇದಕ್ಕೊಂದು ಕೈ ಬಣ್ಣ ಬಳಿದರೆ ಚೆನ್ನಾಗಿರುತ್ತಲ್ಲಪ್ಪಾ" ಎಂದರು. ನಾನು "ಆಗಲಿ ಸಾರ್" ಎಂದುಬಿಟ್ಟೆ. ಅಂಗಡಿಯಲ್ಲಿ ಶಾಖ ತಡೆಯುವ ಬೆಳ್ಳಿಬಣ್ಣ ಕೇಳಿದೆ, ಕೊಟ್ಟರು. ತುಕ್ಕಿನ ಮೇಲೆಯೇ ದಪ್ಪನಾಗಿ ಮೂರು ಸಲ ಬಳಿದೆ. ಹೊಸ ಬೆಳ್ಳಿಪಾತ್ರೆಯಂತೆ ಹೊಳೆಯಿತು.

ಮಾರನೆಯ ದಿನ ಮೇಷ್ಟ್ರು ಆರು ವರ್ಷದ ಮೊಮ್ಮಗನನ್ನು ಕೂರಿಸಿಕೊಂಡು ಹೊರಟರು. ಸೇತುವೆಯ ಬಳಿ ವಾಹನಗಳ ದಟ್ಟಣೆಯಲ್ಲಿ ಗಾಡಿ ಅರ್ಧ ಗಂಟೆ ತೆವಳಿತು. ಬಾನೆಟ್ಟಿನ ಸಂದಿಯಿಂದ ಬಿಳಿಯ ಹೊಗೆ ಎದ್ದಿತು. ಕೂಡಲೇ ಗಾಡಿಯ ಒಳಗೂ ತುಂಬಿತು. ಮೇಷ್ಟ್ರು ಮಗುವನ್ನು ಎಳೆದುಕೊಂಡು ರಸ್ತೆಯ ಬದಿಗೆ ಓಡಿದರು. ಯಾರೋ ಬಕೆಟ್ಟಿನಲ್ಲಿ ನೀರು ತಂದರು. ಒಬ್ಬ ಆಟೋ ಚಾಲಕ ಅವರನ್ನು ತಡೆದು ಮರಳು ತರಿಸಿದ. ಪುಣ್ಯಾತ್ಮ! ಕಾದ ಬೀಡುಕಬ್ಬಿಣಕ್ಕೆ ತಣ್ಣೀರು ಬಿದ್ದರೆ ಅದು ಸೀಳುತ್ತದೆ. ಪೆಟ್ರೋಲೇನಾದರೂ ಹೊತ್ತಿಕೊಂಡಿದ್ದರೆ ನೀರಿನ ಮೇಲೆ ತೇಲಿಕೊಂಡು ಬೆಂಕಿಯನ್ನು ಇನ್ನಷ್ಟು ದೂರ ಹರಡುತ್ತಿತ್ತು. ಆ ಎಂಜಿನಿನಲ್ಲಿ ಕಾರ್ಬೊರೇಟರು ಇರುವುದು ಮ್ಯಾನಿಫೋಲ್ಡಿನ ಸರಿ ಮೇಲ್ಗಡೆ. ಉರಿ ಏಳಲಿಲ್ಲ, ಹೊಗೆಯಷ್ಟರಲ್ಲಿಯೇ ಮುಗಿಯಿತು. ಆದರೂ ಆ ಹುಡುಗ ಆಮೇಲೆ ಬಹಳ ದಿನ ಕಾರು ಹತ್ತಲು ಒಪ್ಪಲಿಲ್ಲವಂತೆ. ಈ ಮಾತು ಕಿವಿಗೆ ಬಿದ್ದ ದಿನ ನನಗೆ ಊಟ ಸೇರಲಿಲ್ಲ.

ಡಬ್ಬಿ ಸುಳ್ಳು ಹೇಳಿರಲಿಲ್ಲ. ಅದರ ಹಿಂಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ 200 ಡಿಗ್ರಿ ಎಂದು ಅಚ್ಚಾಗಿತ್ತು, ನಾನು ಓದಿರಲಿಲ್ಲ. ಶಾಖ ತಡೆಯುವ ಬೆಳ್ಳಿಬಣ್ಣವೆಂಬ ಒಂದೇ ಹೆಸರಿನಲ್ಲಿ 200 ಡಿಗ್ರಿಯದೂ ಸಿಗುತ್ತದೆ, 400 ಡಿಗ್ರಿಯದೂ ಸಿಗುತ್ತದೆ, 600 ಡಿಗ್ರಿ ಸೆಂಟಿಗ್ರೇಡಿನದೂ ಸಿಗುತ್ತದೆ. ಮ್ಯಾನಿಫೋಲ್ಡ್ ಸಾಮಾನ್ಯ ಓಡಾಟದಲ್ಲಿಯೇ 300, 400 ಡಿಗ್ರಿ ಮುಟ್ಟುವಂಥದು. ಏರಿನಲ್ಲಿ ಭಾರ ಎಳೆಯುವಾಗ 600ರ ಸುತ್ತಮುತ್ತ ಹೋಗುವುದೂ ಉಂಟು. ಕಬ್ಬಿಣ ಕತ್ತಲೆಯಲ್ಲಿ ಮಂಕಾಗಿ ಕೆಂಪಗೆ ಕಾಣತೊಡಗುವುದು ಸುಮಾರು 525 ಡಿಗ್ರಿಯಲ್ಲಿ ಎಂದರೆ ಅದರ ಕಾವನ್ನು ಊಹಿಸಿಕೊಳ್ಳಬಹುದು.

ಹಾಗಾದರೆ ಸುಟ್ಟದ್ದೇನು? ಯಾವ ಬಣ್ಣದಲ್ಲಿಯೂ ಮುಖ್ಯವಾಗಿ ಎರಡು ಅಂಶಗಳು: ಕಣ್ಣಿಗೆ ಕಾಣುವ ಪುಡಿ ಒಂದು, ಆ ಪುಡಿಯನ್ನು ಲೋಹಕ್ಕೆ ಅಂಟಿಸಿ ಹಿಡಿಯುವ ಅಂಟು ಅಥವಾ ರಾಳ ಇನ್ನೊಂದು. ಅಲ್ಯೂಮಿನಿಯಂ ಪುಡಿಗೆ ಮ್ಯಾನಿಫೋಲ್ಡಿನ ಕಾವು ಏನೂ ಮಾಡದು. ಸೋಲುವುದು ಅಂಟು. ಅಗಸೆ ಎಣ್ಣೆಯಾಗಲಿ ಸಾಧಾರಣ ಎನಾಮಲ್ಲಿನ ರಾಳವಾಗಲಿ ಇಂಗಾಲದ ಸರಪಣಿಗಳಿಂದಾದುದು. ಕಾವೇರಿದಂತೆ ಹಳದಿಯಾಗಿ, ಕಂದಾಗಿ, ಕೊನೆಗೆ ಒಲೆಯಲ್ಲಿ ಬಿದ್ದ ಎಣ್ಣೆಯಂತೆಯೇ ಹೊಗೆಯಾಗಿ ಹೋಗುತ್ತದೆ. ನಮ್ಮ ನಾಡಿಗೆ ಪರಿಚಿತವಾದ ಅರಗಂತೂ ಇನ್ನೂ ಮೃದು. ಚನ್ನಪಟ್ಟಣದ ಗೊಂಬೆಯ ಕೆಲಸವನ್ನು ನೋಡಿದವರಿಗೆ ಇದು ಗೊತ್ತು: ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಕರಗಿ ಮೆತ್ತಿಕೊಳ್ಳುತ್ತದೆ. ಮೈಸೂರಿನಲ್ಲಿ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗಿನ ಕಾರ್ಖಾನೆಯಾಗಿ ಹುಟ್ಟಿ, ಈಗ ಚುನಾವಣೆಯ ಶಾಯಿಗೆ ಹೆಸರಾಗಿರುವ ಸಂಸ್ಥೆಯ ಮೂಲ ಪದಾರ್ಥವೂ ಇದೇ. ಗೊಂಬೆಗೆ ಇದರಷ್ಟು ಸೊಗಸಾದ ಬಣ್ಣ ಬೇರಿಲ್ಲ. ಎಂಜಿನಿಗೆ ಮಾತ್ರ ಆಗದು.

ಕಾವಿಗೆ ನಿಲ್ಲುವ ಅಂಟು ಬೇಕಾದರೆ ಇಂಗಾಲವನ್ನು ಬಿಟ್ಟು ಕಲ್ಲಿನ ಕಡೆಗೆ ಹೋಗಬೇಕು. ಬೆಣಚುಕಲ್ಲಿನಲ್ಲಿ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದನ್ನೊಂದು ಕೈಹಿಡಿದು ನಿಂತಿರುತ್ತವೆ. ಆ ಹಿಡಿತ ಇಂಗಾಲ ಇಂಗಾಲವನ್ನು ಹಿಡಿದ ಹಿಡಿತಕ್ಕಿಂತ ಬಲವಾದುದು. ಈ ಸರಪಣಿಯನ್ನೇ ಬೆನ್ನೆಲುಬಾಗಿ ಇಟ್ಟುಕೊಂಡು, ಪಕ್ಕಗಳಲ್ಲಿ ಇಂಗಾಲದ ಗುಂಪುಗಳನ್ನು ತೂಗುಹಾಕಿ ಮಾಡಿದ ರಾಳವೇ ಸಿಲಿಕೋನ್. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ಎಫ್. ಎಸ್. ಕಿಪ್ಪಿಂಗ್ ಎಂಬ ಪ್ರಾಧ್ಯಾಪಕರು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನಲವತ್ತು ವರ್ಷಗಳ ಕಾಲ ಇಂತಹ ಪದಾರ್ಥಗಳ ಅಧ್ಯಯನ ಮಾಡಿದರು. ತಮ್ಮ ಕ್ಷೇತ್ರದಿಂದ ಮಹತ್ವದ ಮುನ್ನಡೆಯೇನೂ ಸದ್ಯಕ್ಕೆ ಬರುವಂತಿಲ್ಲವೆಂದು ಅವರು 1930ರ ದಶಕದಲ್ಲಿ ಕೈಚೆಲ್ಲಿ ಮಾತನಾಡಿದ್ದರು. 1940ರಲ್ಲಿ ಅಮೆರಿಕೆಯ ಯೂಜೀನ್ ರೋಚೋ ಅದನ್ನು ಹೇರಳವಾಗಿ ತಯಾರಿಸುವ ಸುಲಭ ಮಾರ್ಗ ಕಂಡುಹಿಡಿದರು. ಇತಿಹಾಸದ ವಿದ್ಯಾರ್ಥಿಯಾದ ನನಗೆ ಕಿಪ್ಪಿಂಗ್ ಮಹಾಶಯರ ಮೇಲೆ ವಿಶೇಷವಾದ ಅನುಕಂಪವಿದೆ.

ಸಿಲಿಕೋನ್ ಬಣ್ಣದ ಸ್ವಾರಸ್ಯ ಇರುವುದು ಅದು ಕಾದ ಮೇಲೆ. ತೂಗುಬಿಟ್ಟ ಇಂಗಾಲದ ಗುಂಪುಗಳು ಕ್ರಮೇಣ ಉರಿದುಹೋಗುತ್ತವೆ. ಉಳಿದ ಸಿಲಿಕಾನ್–ಆಮ್ಲಜನಕದ ಜಾಲ ಅಲ್ಯೂಮಿನಿಯಂ ಚೂರುಗಳನ್ನು ಹಿಡಿದುಕೊಂಡು ತೆಳುವಾದ ಕಲ್ಲಿನ ಹೊದಿಕೆಯಾಗುತ್ತದೆ. ಎಂದರೆ ಈ ಬಣ್ಣ ಡಬ್ಬಿಯಲ್ಲಿ ಪೂರ್ತಿ ತಯಾರಾಗಿರುವುದಿಲ್ಲ, ಬೆಂಕಿಯಲ್ಲಿ ತಯಾರಾಗುತ್ತದೆ. ನಾನು ಇದನ್ನು ಪುಸ್ತಕ ಹಿಡಿದು ವಿವರಿಸುತ್ತಿದ್ದಾಗ ಅಜ್ಜಿ ಕೇಳಿ, "ಇದರಲ್ಲೇನೋ ಹೊಸದು? ಹೊಸಾ ಕಾವಲೀನ ಪಳಗಿಸ್ದೆ ಯಾರಾದ್ರೂ ಒಂದೇ ಸಲಕ್ಕೆ ಉರಿಗೆ ಇಡ್ತಾರಾ?" ಎಂದಳು. ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಕಾಯಿಸಿ, ಆರಿಸಿ, ಮತ್ತೆ ಸವರಿ ಅವಳು ಕಾವಲಿ ಪಳಗಿಸುವುದನ್ನು ಬಾಲ್ಯದಿಂದ ನೋಡಿದ್ದ ನಾನು ಮೂರು ಪುಸ್ತಕ ತಿರುವಿದ ಮೇಲೆ ಅಲ್ಲಿಗೇ ಬಂದು ನಿಂತಿದ್ದೆ.

ಮಾವ ತುಮಕೂರಿನಿಂದ ಬಂದವರು ನನ್ನನ್ನು ಹೆಚ್ಚಾಗಿ ಬೈಯಲಿಲ್ಲ. "ತುಕ್ಕಿನ ಮೇಲೆ ಬಳಿದಿದ್ದೀಯಲ್ಲೋ, ಗೋಡೆಗೆ ಸುಣ್ಣ ಬಳಿದ ಹಾಗೆ" ಎಂದು, ಪೀಣ್ಯದಲ್ಲಿ ಮೂವತ್ತು ವರ್ಷ ಬಣ್ಣದ ಕೆಲಸ ಮಾಡಿದ ಮೇಸ್ತ್ರಿಯೊಬ್ಬರನ್ನು ಕರೆಸಿದರು. ಮ್ಯಾನಿಫೋಲ್ಡ್ ಮತ್ತೆ ಬಿಚ್ಚಿದೆವು. ನಾನು ಹೊಸ ಡಬ್ಬಿಯ ಮುಚ್ಚಳಕ್ಕೆ ಕೈಹಾಕಿದರೆ ಮೇಸ್ತ್ರಿಗಳು, "ಬಣ್ಣ ಆಮೇಲಪ್ಪ, ಮೊದಲು ಕಬ್ಬಿಣ ನೋಡು" ಎಂದರು. ಒಂದು ದಿನವೆಲ್ಲಾ ಕಬ್ಬಿಣವನ್ನೇ ನೋಡಿದೆವು. ಹಳೆಯ ಪ್ಯಾಕಿಂಗಿನಲ್ಲಿ ಕಲ್ನಾರು ಇರಬಹುದಾದುದರಿಂದ ಅದನ್ನು ಒದ್ದೆ ಮಾಡಿಯೇ ಕೆರೆಯಬೇಕು, ಒಣಗಿದ ಧೂಳು ಎದೆಗೆ ಹೋಗಬಾರದು. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳದೆ ಕೂರಲು ಅವರು ಬಿಡಲಿಲ್ಲ. ಅವರ ಜೊತೆಯ ಕೆಲಸಗಾರರಲ್ಲಿ ಕೆಮ್ಮು ಹಿಡಿದು ಕೆಲಸ ಬಿಟ್ಟವರಿದ್ದಾರಂತೆ. ಆಮೇಲೆ ಮರಳು ಹೊಡೆಯುವ ಅಂಗಡಿಯಲ್ಲಿ ತುಕ್ಕು ತೆಗೆಸಿ ಬೂದುಬಣ್ಣದ ಬರಿಯ ಲೋಹ ಕಾಣುವಂತೆ ಮಾಡಿಸಿದೆವು. ಥಿನ್ನರಿನಿಂದ ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಲು ಅಪ್ಪಣೆಯಿಲ್ಲ. ಬೆರಳಿನ ಜಿಡ್ಡಿದ್ದ ಕಡೆ ಬಣ್ಣ ಎದ್ದುಬರುತ್ತದೆ. ಸಾಮಾನ್ಯ ಪ್ರೈಮರು, ಪುಟ್ಟಿ ಎರಡೂ ನಿಷಿದ್ಧ. ಬುಡದಲ್ಲಿರುವ ಪ್ರೈಮರು ಸುಟ್ಟರೆ ಮೇಲಿನ ಬಣ್ಣ ಎಷ್ಟು ಗಟ್ಟಿಯಾಗಿದ್ದರೇನು?

ನನ್ನ ಇನ್ನೊಂದು ತಪ್ಪು ದಪ್ಪ. ಅರ್ಧ ಮೀಟರು ಉದ್ದದ ಬೀಡುಕಬ್ಬಿಣ 500 ಡಿಗ್ರಿ ಕಾವೇರಿದರೆ ಸುಮಾರು ಎರಡೂವರೆ ಮಿಲಿಮೀಟರು ಬೆಳೆಯುತ್ತದೆ, ತಣಿದಾಗ ಕುಗ್ಗುತ್ತದೆ. ತೆಳುವಾದ ಪದರ ಅದರೊಡನೆ ಹೇಗೋ ಹೊಂದಿಕೊಂಡು ಹೋಗುತ್ತದೆ. ದಪ್ಪನಾದುದು ಬಿರಿಯುತ್ತದೆ, ಅಥವಾ ಒಳಗೆ ಸಿಕ್ಕಿಕೊಂಡ ಥಿನ್ನರಿನ ಆವಿಯಿಂದ ಗುಳ್ಳೆಯೇಳುತ್ತದೆ. ಒಂದು ಮಿಲಿಮೀಟರಿನ ನಲವತ್ತನೆಯ ಒಂದು ಭಾಗದಷ್ಟು ಪದರ ಸಾಕು. ಮೇಸ್ತ್ರಿಗಳು ಸ್ಪ್ರೇ ಗನ್ನಿನಿಂದ ಮಂಜು ಕವಿಸಿದಂತೆ ಎರಡು ಬಾರಿ ಹೊಡೆದು ನಿಲ್ಲಿಸಿದರು. ಪ್ಯಾಕಿಂಗ್ ಕೂರುವ ಮುಖಗಳಿಗೂ ಮರೆ ತಿರುಪುಗಳಿಗೂ ಮೊದಲೇ ಕಾಗದ ಅಂಟಿಸಿದ್ದರು.

ಬಣ್ಣ ಬೆಳ್ಳಿಯದೇ ಏಕೆಂದು ಕೇಳಿದೆ. ಕೆಂಪು ಹಳದಿಗಳ ಪುಡಿ ಬಹುಮಟ್ಟಿಗೆ ಕಾವಿಗೆ ಮಾಸುತ್ತದೆ. ಕಾಡಿಗೆಯ ಕಪ್ಪು ಉರಿದೇ ಹೋಗುತ್ತದೆ. ಆದುದರಿಂದ ಕಾವಿನ ಕಪ್ಪುಬಣ್ಣಕ್ಕೆ ಲೋಹಗಳ ಆಕ್ಸೈಡನ್ನು ಬಳಸುತ್ತಾರೆ. ಬೆಳ್ಳಿಬಣ್ಣಕ್ಕೆ ಇನ್ನೊಂದು ಗುಣವಿದೆ: ಅದು ಕಪ್ಪಿಗಿಂತ ಕಡಿಮೆ ಶಾಖವನ್ನು ಸೂಸುತ್ತದೆ. ಮಸಿಯ ಚೆಂಬಿಗಿಂತ ಬೆಳಗಿದ ಚೆಂಬಿನಲ್ಲಿ ನೀರು ಹೆಚ್ಚು ಹೊತ್ತು ಬಿಸಿಯಾಗಿರುವುದಕ್ಕೆ ಇದೂ ಒಂದು ಕಾರಣ. ಮೇಲೆ ಕಾರ್ಬೊರೇಟರು ಕುಳಿತಿರುವ ಎಂಜಿನಿಗೆ ಇದು ಸಣ್ಣ ಉಪಕಾರವಲ್ಲ.

ಎಂಜಿನಿನ ಎಲ್ಲ ಭಾಗಗಳಿಗೂ ಇಷ್ಟು ಸಾಹಸ ಬೇಕಿಲ್ಲ. ಮೇಲಿನ ಟ್ಯಾಪೆಟ್ ಕವರ್ ನೂರು, ನೂರಿಪ್ಪತ್ತು ಡಿಗ್ರಿಯ ಆಚೆ ಹೋಗುವುದು ಅಪರೂಪ. ಅದಕ್ಕೆ ಒಳ್ಳೆಯ ಎಂಜಿನ್ ಎನಾಮಲ್ ಸಾಕು. ಲಗ್ಗೆರೆ, ಪೀಣ್ಯಗಳಲ್ಲಿ ಬೇಕಾದಷ್ಟಿರುವ ಪೌಡರ್ ಕೋಟಿಂಗೂ ಆಗುತ್ತದೆ. ಆ ಪುಡಿಯನ್ನು ಸುಮಾರು 200 ಡಿಗ್ರಿ ಕಾವಿನ ಗೂಡಿನಲ್ಲಿ ಬೇಯಿಸುತ್ತಾರೆ. ರೇಡಿಯೇಟರಿಗೆ ಬಳಿಯಲೇಬೇಕೆಂದರೆ ಅತಿ ತೆಳುವಾದ ಕಪ್ಪು. ದಪ್ಪ ಬಳಿದರೆ ಅದು ಕಂಬಳಿ ಹೊದೆದಂತೆ. ಬ್ಯಾಟರಿಯ ಅರ್ಥ್ ತಂತಿ ಕೂರುವ ಜಾಗಕ್ಕೆ ಬಣ್ಣ ತಗಲಿದರೆ ಗಾಡಿ ಸ್ಟಾರ್ಟ್ ಆಗಲು ತಕರಾರು ಮಾಡುತ್ತದೆ.

ಬಣ್ಣ ಆರಿದ ಮೇಲೆ ಎಲ್ಲವನ್ನೂ ಜೋಡಿಸಿ ಗಾಡಿಯನ್ನು ಓಣಿಯ ತುದಿಯ ಬಯಲಿಗೆ ತಳ್ಳಿಕೊಂಡು ಹೋದೆವು. ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಿ ಪೂರ್ತಿ ತಣಿಸಿದೆವು. ಆಮೇಲೆ ಇಪ್ಪತ್ತು ನಿಮಿಷ, ಮತ್ತೆ ತಣಿಸಿದೆವು. ಮೂರನೆಯ ಸಲ ಅರ್ಧ ಗಂಟೆ. ಎರಡನೆಯ ಸಲ ಹೊಗೆ ಬಂದಾಗ ನನ್ನ ಎದೆ ಧಸಕ್ಕೆಂದಿತು. ಸರಿಯಾದ ಬಣ್ಣವೂ ಮೊದಲ ಕಾವಿಗೆ ಸ್ವಲ್ಪ ಹೊಗೆಯಾಡುತ್ತದೆ, ಇಂಗಾಲದ ಗುಂಪುಗಳು ಹೋಗಬೇಕಲ್ಲ. ಮಾವ ಬೀಡಿ ಆರಿಸಿ ದೂರ ಎಸೆದು, "ಈ ಹೊಗೆ ನಮ್ಮ ಮುಂದೆ ಬರ್ಬೇಕು ಕಣೋ, ಗಿರಾಕಿ ಮುಂದಲ್ಲ" ಎಂದರು. ಮೂರನೆಯ ಸಲಕ್ಕೆ ಹೊಗೆಯಿರಲಿಲ್ಲ, ವಾಸನೆಯೂ ಇರಲಿಲ್ಲ.

ಸಂಜೆ ಮೇಷ್ಟ್ರು ಬಂದರು, ಜೊತೆಯಲ್ಲಿ ಆ ಹುಡುಗ. ನಡೆದುದನ್ನೆಲ್ಲ ನಾನೇ ಹೇಳಿ, ಡಬ್ಬಿಯ ಹಿಂದಿನ ಅಂಕಿಯನ್ನು ಓದದೆ ಬಳಿದುದನ್ನೂ ಒಪ್ಪಿಕೊಂಡೆ. ಅವರು ಕನ್ನಡಕವನ್ನು ಹಣೆಗೇರಿಸಿಕೊಂಡು ಹೊಸ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ಓದಿದರು. ಬಳಿಕ ಬಾನೆಟ್ಟಿನೊಳಗೆ ಬಗ್ಗಿ ಮ್ಯಾನಿಫೋಲ್ಡನ್ನು ಮುಟ್ಟಲು ಬೆರಳು ಚಾಚಿದರು. "ಇನ್ನೂ ಬಿಸಿ ಇದೆ ಸಾರ್" ಎಂದು ಕೈ ಹಿಡಿದುಕೊಂಡೆ. ಹುಡುಗ ಅಷ್ಟು ದೂರದಲ್ಲಿಯೇ ನಿಂತು ಗಾಳಿಯನ್ನು ಮೂಸಿ ನೋಡುತ್ತಿದ್ದ. ಮಾವ ಎಂಜಿನ್ ಸ್ಟಾರ್ಟ್ ಮಾಡಿ ಕಾಲು ಗಂಟೆ ಹಾಗೆಯೇ ಬಿಟ್ಟರು. ಅಷ್ಟು ಹೊತ್ತೂ ಮೂಸಿದ ಮೇಲೆ ಅವನು ಬಂದು ಹಿಂದಿನ ಬಾಗಿಲನ್ನು ತೆರೆದು, ಕಿಟಕಿಯ ಪಕ್ಕ ಕುಳಿತ.