ಉಪಗ್ರಹಕ್ಕೆ ನಮ್ಮ ತೋಟ ಎಷ್ಟು ಕಾಣುತ್ತದೆ?

"ಉಪಗ್ರಹದ ಚಿತ್ರದಲ್ಲಿ ಮೋಡ ಅಷ್ಟಾಗಿ ಇಲ್ಲ, ನಾಳೆ ಅಡಿಕೆಗೆ ಬೋರ್ಡೋ ಹೊಡೆಸಬಹುದಾ?" ಅಂತ ಸ್ಕ್ರೀನ್‌ಶಾಟ್ ಕಳಿಸಿ ಕೇಳುವ ಗೆಳೆಯರು ಈಗ ಜಾಸ್ತಿಯಾಗಿದ್ದಾರೆ. ಮರ ಹತ್ತಿ ಔಷಧಿ ಹೊಡೆಯುವವರು ಸಿಗುವುದೇ ಕಷ್ಟ. ಹೊಡೆದ ಅರ್ಧ ಗಂಟೆಗೆ ಮಳೆ ಬಂದರೆ ಆ ದಿನದ ಕೂಲಿಯೂ ಮೈಲುತುತ್ತವೂ ನೀರುಪಾಲು. ಹಾಗಾಗಿ ಆ ಚಿತ್ರ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಅನ್ನುವುದು ನಮಗೆ ಗೊತ್ತಿರಬೇಕು.

ಮೋಡ ನೋಡುವ ಉಪಗ್ರಹಗಳು

ಹವಾಮಾನ ಇಲಾಖೆಯ ಮೋಡದ ಚಿತ್ರಗಳು ಇಸ್ರೊದ ಇನ್ಸಾಟ್-3ಡಿಆರ್ ಮತ್ತು ಇನ್ಸಾಟ್-3ಡಿಎಸ್ ಉಪಗ್ರಹಗಳಿಂದ ಬರುತ್ತವೆ. ಮೊದಲನೆಯದು 2016ರ ಸೆಪ್ಟೆಂಬರ್ 8ರಂದು, ಎರಡನೆಯದು 2024ರ ಫೆಬ್ರುವರಿ 17ರಂದು ಉಡಾವಣೆಯಾದವು. ಸುಮಾರು 36,000 ಕಿ.ಮೀ. ಎತ್ತರದಲ್ಲಿ ಭೂಮಿಯ ವೇಗಕ್ಕೇ ಹೊಂದಿಕೊಂಡು ಸುತ್ತುವುದರಿಂದ ಇವು ಯಾವಾಗಲೂ ನಮ್ಮ ಮೇಲೇ ನಿಂತಂತೆ ಇರುತ್ತವೆ. ಒಂದೊಂದೂ ಅರ್ಧ ಗಂಟೆಗೊಮ್ಮೆ ಚಿತ್ರ ತೆಗೆಯುತ್ತದೆ. ಇವುಗಳನ್ನು ನಿಯಂತ್ರಿಸುವ ಕೇಂದ್ರ ಇರುವುದು ಪಕ್ಕದ ಹಾಸನದಲ್ಲೇ.

ಹಗಲೂ ರಾತ್ರಿ ಸಿಗುವ ಇನ್‌ಫ್ರಾರೆಡ್ ಚಿತ್ರ ತೋರಿಸುವುದು ಮಳೆಯನ್ನಲ್ಲ, ಮೋಡದ ನೆತ್ತಿ ಎಷ್ಟು ತಣ್ಣಗಿದೆ ಎಂಬುದನ್ನು. ಮೋಡ ಮೇಲೆ ಬೆಳೆದಷ್ಟೂ ನೆತ್ತಿ ತಣ್ಣಗಾಗುತ್ತದೆ, ಚಿತ್ರದಲ್ಲಿ ಅಷ್ಟು ಬೆಳ್ಳಗೆ ಕಾಣುತ್ತದೆ. ಇದರ ಒಂದು ಚೌಕ ಸುಮಾರು 4 ಕಿ.ಮೀ. ಉದ್ದ, 4 ಕಿ.ಮೀ. ಅಗಲ. ಅಂದರೆ ಹತ್ತಿರ ಹತ್ತಿರ 4,000 ಎಕರೆಗೆ ಒಂದೇ ಚುಕ್ಕೆ! ನಿಮ್ಮ ಐದೆಕರೆ ಅದರಲ್ಲಿ ಎಲ್ಲಿ ಹುಡುಕುತ್ತೀರಿ?

ಹೂಮಳೆಗೆ ಸರಿ, ಮಳೆಗಾಲಕ್ಕೆ ಎಚ್ಚರ

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬರುವುದು ಗುಡುಗು ಮೋಡ. ಮಧ್ಯಾಹ್ನದ ಮೇಲೆ ಎತ್ತರಕ್ಕೆ ಬೆಳೆಯುತ್ತದೆ, ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಸಾಲಾಗಿ ಮೂರ್ನಾಲ್ಕು ಚಿತ್ರ ನೋಡಿದರೆ ಮೋಡ ಯಾವ ಕಡೆ ಸರಿಯುತ್ತಿದೆ ಅಂತ ಅಂದಾಜು ಸಿಗುತ್ತದೆ. ಕಣದಲ್ಲಿ ಒಣಗಿಸಲು ಹರಡಿದ ಕಾಳುಮೆಣಸಿಗೆ ಟಾರ್ಪಾಲ್ ಹೊದಿಸಲು ಇಷ್ಟು ಸಾಕು. ಆದರೆ ರೋಬಸ್ಟಾಕ್ಕೆ ಒಂದು ಇಂಚು ಬಿತ್ತಾ, ಅರ್ಧ ಇಂಚಾ ಅಂತ ಇದರಿಂದ ಗೊತ್ತಾಗಲ್ಲ. ಸ್ಪ್ರಿಂಕ್ಲರ್ ಹಾಕಿ ಮಳೆಯ ಕೊರತೆ ತುಂಬಬೇಕೋ ಬೇಡವೋ ಅನ್ನುವುದನ್ನು ಮಳೆಮಾಪಕ ನೋಡಿಯೇ ತೀರ್ಮಾನಿಸಬೇಕು.

ಜೂನ್ ನಂತರದ ಕಥೆ ಬೇರೆ. ಅರಬ್ಬೀ ಸಮುದ್ರದ ತೇವದ ಗಾಳಿ ಕುದುರೆಮುಖದ ಸಾಲಿಗೆ ಬಡಿದು ಮೇಲೇರಿ ಅಲ್ಲೇ ಮಳೆ ಸುರಿಸುತ್ತದೆ. ಈ ಮೋಡಗಳು ಎಷ್ಟೋ ಸಲ ತುಂಬಾ ಎತ್ತರ ಇರುವುದಿಲ್ಲ, ನೆತ್ತಿ ಅಷ್ಟು ತಣ್ಣಗೂ ಇರುವುದಿಲ್ಲ. ಚಿತ್ರದಲ್ಲಿ ಬರೀ ಬೂದು ಬಣ್ಣ, ಹೊರನಾಡು, ಕಳಸದಲ್ಲಿ ಜಡಿಮಳೆ! ಅದಕ್ಕೇ ಬೂದು ಚಿತ್ರ ನಂಬಿ ಕೊಳೆರೋಗದ ಔಷಧಿಗೆ ಆಳು ಕರೆಯಬೇಡಿ.

ಎಲೆ ನೋಡುವ ಉಪಗ್ರಹಗಳು

ಐರೋಪ್ಯ ಬಾಹ್ಯಾಕಾಶ ಸಂಸ್ಥೆಯ ಸೆಂಟಿನೆಲ್-2 ಉಪಗ್ರಹಗಳು ಸುಮಾರು 786 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಜೋಡಿಯಾಗಿ ಐದು ದಿನಕ್ಕೊಮ್ಮೆ ಅದೇ ಜಾಗ ನೋಡುತ್ತವೆ, ಚಿತ್ರ ಉಚಿತ. ಚೌಕ 10 ಮೀಟರ್. ಹತ್ತಡಿ ಅಂತರದ ರೋಬಸ್ಟಾ ಆದರೆ ಒಂದು ಚೌಕದಲ್ಲಿ ಸುಮಾರು ಹತ್ತು ಗಿಡ.

ಆರೋಗ್ಯವಾದ ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಸಮೀಪ ಇನ್‌ಫ್ರಾರೆಡ್ ಕಿರಣವನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಇವೆರಡರ ವ್ಯತ್ಯಾಸದಿಂದ ಲೆಕ್ಕ ಹಾಕುವುದೇ ಎನ್‌ಡಿವಿಐ, ಅಂದರೆ ಹಸಿರಿನ ಸೂಚ್ಯಂಕ. ಬಯಲುಸೀಮೆಯ ಜೋಳ, ಕಬ್ಬಿಗೆ ಇದು ಚೆನ್ನಾಗಿ ಹೊಂದುತ್ತದೆ. ನಮ್ಮಲ್ಲಿ ಮೇಲಿನಿಂದ ಮೊದಲು ಕಾಣುವುದು ಸಿಲ್ವರ್ ಓಕ್, ಹಾಳುವಾಣದ ನೆತ್ತಿ. ಕಾಫಿ ಅದರ ಕೆಳಗೆ. ಮರಗಸಿ ಮಾಡಿದ ತಿಂಗಳು ಹಸಿರು ಕಡಿಮೆ ಅಂತ ತೋರಿಸಿದರೆ ಅದು ರೋಗವಲ್ಲ, ನೀವೇ ಕಡಿದ ಕೊಂಬೆ!

ಅಡಿಕೆಯ ಸೋಗೆ ಮಾತ್ರ ಆಕಾಶಕ್ಕೆ ತೆರೆದಿರುತ್ತದೆ. ತೋಟದ ಒಂದು ಭಾಗ ಹಳದಿಯಾಗುತ್ತಾ ಬಂದರೆ ಬದಲಾವಣೆ ಕಾಣಬಹುದು. ಆದರೆ ಅದು ಎಲೆಚುಕ್ಕೆಯೋ, ಹಳದಿ ಎಲೆ ರೋಗವೋ, ಬಸಿಗಾಲುವೆ ಕಟ್ಟಿ ನೀರು ನಿಂತದ್ದೋ ಅಂತ ಉಪಗ್ರಹ ಹೇಳುವುದಿಲ್ಲ. ನಮ್ಮ ಕಡೆಗೂ ಬಣ್ಣಬಣ್ಣದ ನಕ್ಷೆ ತಂದು, ಅದರ ಮೇಲೇ ಔಷಧಿ ಮಾರಲು ನೋಡಿದವರಿದ್ದಾರೆ. ನಕ್ಷೆ ಕೆಂಪಾದ ಜಾಗಕ್ಕೆ ಮೊದಲು ನಡೆದುಹೋಗಿ ಸೋಗೆ ಬಿಡಿಸಿ ನೋಡಿ. ದುಡ್ಡು ಬಿಚ್ಚುವ ಮಾತು ಆಮೇಲೆ.

ಮೋಡದಾಚೆ ನೋಡುವ ನಿಸಾರ್

ಸೆಂಟಿನೆಲ್-2ಕ್ಕೆ ಮಳೆಗಾಲದ ಮೋಡ ಅಡ್ಡ. ರೇಡಾರ್‌ಗೆ ಅಡ್ಡವಿಲ್ಲ. ಇಸ್ರೊ ಮತ್ತು ನಾಸಾ ಸೇರಿ ಮಾಡಿದ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಮೇಲೇರಿತು. ಎಲ್-ಬ್ಯಾಂಡ್ ನಾಸಾದ್ದು, ಎಸ್-ಬ್ಯಾಂಡ್ ಇಸ್ರೊದ್ದು. ಸುಮಾರು 24 ಸೆಂ.ಮೀ. ಉದ್ದದ ಎಲ್-ಬ್ಯಾಂಡ್ ಅಲೆ ಎಲೆಗಳ ಸಂದಿಯಿಂದ ಕೆಳಗಿಳಿಯಬಲ್ಲದು. 12 ದಿನಕ್ಕೊಮ್ಮೆ ಅದೇ ದಾರಿಗೆ ಮರಳಿ, ನೆಲ ಸೆಂಟಿಮೀಟರ್ ಲೆಕ್ಕದಲ್ಲಿ ಜರುಗಿದ್ದನ್ನೂ ಅಳೆಯಲು ಇದನ್ನು ರೂಪಿಸಿದ್ದಾರೆ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ತೋಟ, ಮನೆ ಕಳೆದುಕೊಂಡ ಮೂಡಿಗೆರೆ ಸೀಮೆಗೆ ಇದು ದೊಡ್ಡ ವಿಷಯ. ಆದರೂ 12 ದಿನಕ್ಕೊಮ್ಮೆ ಬರುವ ಉಪಗ್ರಹ ಇವತ್ತು ರಾತ್ರಿಯ ಕುಸಿತಕ್ಕೆ ಗಂಟೆ ಬಾರಿಸಲಾರದು. ಧರೆಯಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಕೆಸರಾದ ಒರತೆ ಕಂಡರೆ ಮನೆಮಂದಿಯನ್ನು ಕರೆದುಕೊಂಡು ಹೊರಡಿ.

ಗಗನಯಾತ್ರಿಯ ಕೈಯಲ್ಲಿ ಮೆಂತ್ಯ

ಮನುಷ್ಯರು ಹೋಗುವ ಯಾನಗಳಿಂದ ನಮಗೇನು ಅಂತ ಕೇಳಬಹುದು. 2025ರ ಜೂನ್ 25ರಂದು ಹೊರಟ ಶುಭಾಂಶು ಶುಕ್ಲಾ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಹೆಸರುಕಾಳು ಮತ್ತು ಮೆಂತ್ಯ ಮೊಳಕೆ ಬರಿಸಿದರು. ಪ್ರಯೋಗ ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯ ವಿಜ್ಞಾನಿಗಳದ್ದು. ತೂಕವೇ ಇಲ್ಲದ ಕಡೆ ಬೇರು, ಮೊಳಕೆ ಹೇಗೆ ವರ್ತಿಸುತ್ತವೆ ಅನ್ನುವುದು ಪ್ರಶ್ನೆ. ಅದೇ ನಿಲ್ದಾಣಕ್ಕೆ 2018ರಲ್ಲಿ ಜೋಡಿಸಿದ ನಾಸಾದ ಇಕೊಸ್ಟ್ರೆಸ್ ಉಪಕರಣ ಗಿಡಗಳ ತಾಪ ಅಳೆದು, ಅವು ನೀರಿಲ್ಲದೆ ಬಳಲುತ್ತಿವೆಯೇ ಎಂದು ಅಂದಾಜಿಸುತ್ತದೆ.

ಈ ವಾರ ಮೊಬೈಲ್‌ನಲ್ಲಿ ಇಷ್ಟು ಮಾಡಿ

1. ಹವಾಮಾನ ಇಲಾಖೆಯ ಅಥವಾ ಇಸ್ರೊದ ಮಾಸ್ಡಾಕ್ ವೆಬ್‌ಸೈಟ್‌ನಲ್ಲಿ ಮೋಡದ ಚಿತ್ರ ತೆರೆಯಿರಿ. ಸಮಯ ಯುಟಿಸಿಯಲ್ಲಿದ್ದರೆ ಐದೂವರೆ ಗಂಟೆ ಸೇರಿಸಿ ಓದಿ.

2. ಒಂದೇ ಚಿತ್ರ ನೋಡಿ ನಿರ್ಧರಿಸಬೇಡಿ. ಕೊನೆಯ ಎರಡು ಗಂಟೆಯ ಚಿತ್ರಗಳನ್ನು ಸಾಲಾಗಿ ನೋಡಿ, ಜೊತೆಗೆ ಇಲಾಖೆಯ ಮುನ್ಸೂಚನೆ ಓದಿ.

3. ಸಿಡಿಲಿಗೆ ದಾಮಿನಿ ಆ್ಯಪ್ ಇಟ್ಟುಕೊಳ್ಳಿ. ಅದು ನೆಲದ ಮೇಲಿನ ಸೆನ್ಸರ್‌ಗಳಿಂದ ನಡೆಯುತ್ತದೆ.

4. ಅಂಗಳದ ಬಯಲಲ್ಲಿ ಮಳೆಮಾಪಕ ನೆಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ಅಳತೆ ಬರೆದಿಡಿ. 4,000 ಎಕರೆಯ ಚುಕ್ಕೆಯೊಳಗೆ ನಿಮ್ಮ ತೋಟಕ್ಕೆ ಎಷ್ಟು ಬಿತ್ತು ಅಂತ ಹೇಳುವುದು ಅದೊಂದೇ.