ನಿಮಗಿದು ಗೊತ್ತೇ? ಫ್ಲೋರೈಡೂ ಹಲ್ಲಿನ ಫಿಲ್ಲಿಂಗೂ

● ಹಲ್ಲು ಹುಳುಕಾಗದಿರಲೆಂದು ನಲ್ಲಿ ನೀರಿಗೆ ಫ್ಲೋರೈಡ್ ಬೆರೆಸಿದ ಮೊದಲ ನಗರ ಅಮೆರಿಕದ ಗ್ರ್ಯಾಂಡ್ ರ್‍ಯಾಪಿಡ್ಸ್, ವರ್ಷ 1945. ಕೋಲಾರ, ಪಾವಗಡ, ಮುಂಡರಗಿ ಕಡೆ ಯಾರೂ ಬೆರೆಸಬೇಕಿಲ್ಲ. ಅಲ್ಲಿನ ಎಷ್ಟೋ ಬೋರ್‌ವೆಲ್‌ಗಳಲ್ಲಿ ಅದು ಮಿತಿಮೀರಿಯೇ ಇದೆ.

● ಇದು ಕಾರ್ಖಾನೆಯ ಕೊಳೆಯಲ್ಲ, ಕಲ್ಲಿನ ಗುಣ. ಗ್ರಾನೈಟ್, ನೈಸ್ ಶಿಲೆಗಳ ಫ್ಲೋರೈಡ್ ಖನಿಜ ನಿಧಾನವಾಗಿ ಕರಗಿ ಅಂತರ್ಜಲ ಸೇರುತ್ತದೆ. ಮಳೆನೀರಿನಲ್ಲಿ ಅದು ನಾಮಮಾತ್ರ. ಹಾಗಾಗಿ ಚಾವಣಿ ನೀರು ಹಿಡಿದಿಡುವುದು ಇಲ್ಲಿ ಬಲು ಅಗ್ಗದ ಪರಿಹಾರ.

● ಭಾರತೀಯ ಮಾನಕದ ಪ್ರಕಾರ ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ವಿನಾಯಿತಿ.

● ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ! ಆವಿಯಾಗುವುದು ನೀರು ಮಾತ್ರ; ಉಳಿದ ನೀರಿನಲ್ಲಿ ಸಾಂದ್ರತೆ ಇನ್ನಷ್ಟು ಏರುತ್ತದೆ. ಕ್ಯಾಂಡಲ್ ಫಿಲ್ಟರ್, ಯು.ವಿ. ದೀಪಗಳೂ ಇದನ್ನು ತೆಗೆಯಲಾರವು. ಆರ್.ಒ. ತೆಗೆಯುತ್ತದೆ.

● ಕುಡಿಯಲು ಶುದ್ಧ ನೀರಿನ ಘಟಕದ ಕ್ಯಾನ್ ನೀರು, ಮುದ್ದೆಗೂ ಸಾರಿಗೂ ಬೋರ್ ನೀರು: ಹಲವು ಮನೆಗಳ ರೂಢಿಯಿದು. ಅಡುಗೆಯ ನೀರಿನ ಫ್ಲೋರೈಡೂ ಹೊಟ್ಟೆಗೇ ಸೇರುತ್ತದೆ. ಸ್ನಾನಕ್ಕೆ ಮಾತ್ರ ಬೋರ್ ನೀರು ಧಾರಾಳ ಸಾಕು.

● ಫ್ಲೋರೈಡ್ ಅತಿಯಾಗಿ ಬರುವ ಹಲ್ಲಿನ ಫ್ಲೋರೋಸಿಸ್ ಶುರುವಾಗುವುದು ಸುಣ್ಣದಂಥ ಬಿಳಿ ಅಡ್ಡಗೆರೆಗಳಿಂದ. ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ತರಹ ಕಾಣುತ್ತವೆ; ಮುಂದೆ ಕಂದು ಬಣ್ಣಕ್ಕೆ ತಿರುಗಬಹುದು. ಕಲೆ ಎನಾಮಲ್‌ನೊಳಗೇ ಇರುವುದರಿಂದ ಎಷ್ಟು ಉಜ್ಜಿದರೂ ಹೋಗದು. ಹಲ್ಲು ರೂಪುಗೊಳ್ಳುವ ಸುಮಾರು 8 ವರ್ಷದೊಳಗಿನ ಪ್ರಾಯವೇ ಇದಕ್ಕೆ ನಿರ್ಣಾಯಕ.

● ಫ್ಲೋರೋಸಿಸ್ ಮೂಳೆಗೂ ತಗುಲಿದೆಯೇ ಎಂಬ ಗುಮಾನಿಗೆ ಮೂರು ಸರಳ ಪರೀಕ್ಷೆ: ಮಂಡಿ ಮಡಿಸದೆ ಬಗ್ಗಿ ನೆಲದ ನಾಣ್ಯ ಎತ್ತುವುದು, ಗದ್ದವನ್ನು ಎದೆಗೆ ತಾಗಿಸುವುದು, ಕೈಗಳನ್ನು ತಲೆಯ ಹಿಂದಕ್ಕೆ ಒಯ್ಯುವುದು. ಕಷ್ಟವಾದರೆ ವೈದ್ಯರನ್ನು ಕಾಣಬೇಕು.

● ಪಟಿಕ, ಸುಣ್ಣ ಹಾಕಿ ಫ್ಲೋರೈಡ್ ಇಳಿಸುವ 'ನಲ್ಗೊಂಡ ವಿಧಾನ' ನಾಗಪುರದ ನೀರಿ ಸಂಸ್ಥೆಯ ಕೊಡುಗೆ.

● ಹುಣಸೆಹಣ್ಣು ತಿಂದವರ ಮೂತ್ರದಲ್ಲಿ ಫ್ಲೋರೈಡ್ ಹೆಚ್ಚಾಗಿ ಹೊರಹೋಗುವುದನ್ನು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಕಂಡಿದೆ. ಹಾಗಂತ ಸಾರು ಕುಡಿದರೆ ಸಾಕೆಂದಲ್ಲ, ಮೊದಲು ನೀರು ಬದಲಾಗಬೇಕು.

● ಚಹಾ ಗಿಡ ಮಣ್ಣಿನಿಂದ ಫ್ಲೋರೈಡ್ ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಬಲಿತ ಎಲೆಯಲ್ಲಿ ಹೆಚ್ಚು, ಚಿಗುರಿನಲ್ಲಿ ಕಡಿಮೆ.

● ಜಾಹೀರಾತಿನಂತೆ ಬ್ರಷ್ಷಿನುದ್ದಕ್ಕೂ ಪೇಸ್ಟ್ ಹಚ್ಚಬೇಕಿಲ್ಲ. 3 ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿಯಷ್ಟು. ನುಂಗದೆ ಉಗಿಯಲು ಕಲಿಸಿ.

● ಬೆಳ್ಳಿ ಬಣ್ಣದ ಅಮಾಲ್ಗಮ್ ಫಿಲ್ಲಿಂಗ್‌ನಲ್ಲಿ ತೂಕದ ಅರ್ಧದಷ್ಟು ಪಾದರಸ! ಉಳಿದದ್ದು ಬೆಳ್ಳಿ, ತವರ, ತಾಮ್ರ. ಐರೋಪ್ಯ ಒಕ್ಕೂಟ 2018ರಲ್ಲಿ 15 ವರ್ಷದೊಳಗಿನವರಿಗೆ, ಗರ್ಭಿಣಿಯರಿಗೆ, ಹಾಲೂಡಿಸುವ ತಾಯಂದಿರಿಗೆ ಇದನ್ನು ನಿರ್ಬಂಧಿಸಿತು. 2025ರಿಂದ ಅಲ್ಲಿ, ವೈದ್ಯಕೀಯವಾಗಿ ತೀರಾ ಅಗತ್ಯವಿದ್ದರೆ ಹೊರತು ಯಾರಿಗೂ ಇಲ್ಲ.

● ಹಾಗೆಂದು ಗಟ್ಟಿಯಾಗಿರುವ ಹಳೆಯ ಫಿಲ್ಲಿಂಗ್ ಕೀಳಿಸಲು ಓಡಬೇಡಿ. ಕೊರೆಯುವಾಗಲೇ ಪಾದರಸದ ಆವಿ ಹೆಚ್ಚು ಏಳುತ್ತದೆ. ಒಳ್ಳೆಯ ಹಲ್ಲೂ ಒಂದಿಷ್ಟು ಸವೆಯುತ್ತದೆ. ಬಿರುಕು ಬಿಟ್ಟು ತೆಗೆಯಲೇಬೇಕಾದರೆ ರಬ್ಬರ್ ಡ್ಯಾಮ್ (ಹಲ್ಲಿನ ಸುತ್ತ ಹೊದಿಸುವ ರಬ್ಬರ್ ಹಾಳೆ), ಜೋರಾದ ಸಕ್ಷನ್ ಇವೆಯೇ ಎಂದು ದಂತವೈದ್ಯರನ್ನು ಕೇಳಿ.

● ಹುಳುಕು ತುಂಬುವ ಗ್ಲಾಸ್ ಅಯೊನೊಮರ್ ಸಿಮೆಂಟು ತಾನೇ ಸ್ವಲ್ಪಸ್ವಲ್ಪ ಫ್ಲೋರೈಡ್ ಬಿಡುಗಡೆ ಮಾಡುತ್ತದೆ. ಬೋರ್‌ವೆಲ್‌ನಲ್ಲಿ ಕಾಟ ಕೊಡುವ ವಸ್ತು ಇಲ್ಲಿ ಹಲ್ಲಿಗೆ ಕಾವಲು. ವ್ಯತ್ಯಾಸವೆಲ್ಲ ಪ್ರಮಾಣದ್ದು.

● ಅಗ್ಗದ ಓಲೆ ಹಾಕಿದರೆ ಕಿವಿ ತುರಿಸಿ ಕೆಂಪಾಗುತ್ತದೆಯೇ? ನಿಕ್ಕಲ್ ಅಲರ್ಜಿ ಇರಬಹುದು. ಹಲ್ಲಿನ ಕೆಲವು ಲೋಹದ ಕ್ಯಾಪ್‌ಗಳಲ್ಲೂ ನಿಕ್ಕಲ್ ಇರುತ್ತದೆ. ಅಳತೆ ಕೊಡುವ ಮೊದಲೇ ದಂತವೈದ್ಯರಿಗೆ ಹೇಳಿದರೆ ಜಿರ್ಕೋನಿಯಾದಂಥ ಬೇರೆ ಕ್ಯಾಪ್ ಆರಿಸಿಕೊಳ್ಳಬಹುದು.