ಅವರ ಉತ್ತರ, ನಿಮ್ಮ ಕೈಬರಹ

ಉತ್ತರ ನಾಲಿಗೆ ತುದಿಯಲ್ಲೇ ಇದೆ, ಬರೆಯೋಕೆ ಕೈ ಬೇಕು. ಕಣ್ಣು ಕಾಣದ ಎಷ್ಟೋ ವಿದ್ಯಾರ್ಥಿಗಳಿಗೆ ಪರೀಕ್ಷೆ ಅಂದ್ರೆ ಪಾಠದ ಚಿಂತೆಗಿಂತ ತಮ್ಮ ಪರವಾಗಿ ಬರೆಯೋ ಲಿಪಿಕಾರರ ಚಿಂತೆ ದೊಡ್ಡದು. 1997ರಲ್ಲಿ ಬೆಂಗಳೂರಲ್ಲಿ ಶುರುವಾದ ಸಮರ್ಥನಂನಂಥ ಸಂಸ್ಥೆಗಳಿಗೆ ಲಿಪಿಕಾರರಾಗೋ ಸ್ವಯಂಸೇವಕರು ಬೇಕೇ ಬೇಕು.

ಪ್ರಶ್ನೆ ಓದಿ ಹೇಳಿ. ಅವರು ಹೇಳಿದ್ದನ್ನ ಹೇಳಿದ ಹಾಗೇ ಬರೀರಿ. ತಪ್ಪು ಹೇಳಿದ್ರೂ ತಿದ್ದೋ ಹಾಗಿಲ್ಲ, ಕಷ್ಟ ಇರೋದೇ ಇಲ್ಲಿ. ಬರೋ ಅಂಕ ಪೂರ್ತಿ ಅವರದ್ದೇ ಆಗಿರಬೇಕು.

ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಇಂಥ ವಿದ್ಯಾರ್ಥಿಗಳಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಉಂಟು. ಮೂರು ಗಂಟೆ ಪರೀಕ್ಷೆಗೆ ನಾಲ್ಕು ಗಂಟೆ ಬಿಡುವು ಮಾಡ್ಕೊಳ್ಳಿ.

ಒಪ್ಪಿಕೊಂಡ ಮೇಲೆ ಕೊನೇ ಗಳಿಗೆಯಲ್ಲಿ ತಪ್ಪಿಸಿಕೊಳ್ಳಬೇಡಿ, ಅವರ ಒಂದು ವರ್ಷವೇ ಹೋಗಬಹುದು. ಪರೀಕ್ಷೆ ಹತ್ತಿರ ಬರೋ ಮೊದಲೇ ನಿಮ್ಮೂರಿನ ಅಂಧರ ಶಾಲೆಗೋ ಸಂಸ್ಥೆಗೋ ಹೋಗಿ ಹೆಸರು ಕೊಡಿ.